ತಂತಿ ಬೇಯಿಸುವ ಪಾತ್ರೆ

ಭಾವ ಒಂದು ಕೋಣೆ ಬಿಟ್ಟು ಹೊರಡುವುದನ್ನು ನೋಡಬೇಕು. ಮೊದಲು ಮಂಚದ ಈ ಬದಿಯಿಂದ ಬಗ್ಗಿ ನೋಡುತ್ತಾರೆ, ಆಮೇಲೆ ಆ ಬದಿಯಿಂದ. ದಿಂಬು ಎತ್ತುತ್ತಾರೆ. ಬಚ್ಚಲ ಬಾಗಿಲ ಹಿಂದೆ ಕೈ ಹಾಕಿ ಮೊಳೆ ತಡವುತ್ತಾರೆ. ಗೋಡೆಯ ಪ್ಲಗ್ಗಿನಲ್ಲಿ ಫೋನಿನ ಚಾರ್ಜರ್ ಉಳಿದಿದೆಯೇ ಎಂದು ಕಣ್ಣಾಡಿಸಿ, ಕಿಟಕಿಯ ಕಟ್ಟೆಯ ಮೇಲೆ ಅಂಗೈ ಸವರುತ್ತಾರೆ. ಕೊನೆಗೆ ಬಾಗಿಲಲ್ಲಿ ನಿಂತು, ಫೋಟೋ ತೆಗೆಯುವವರ ಹಾಗೆ ಇಡೀ ಕೋಣೆಯನ್ನು ಒಂದೇ ನೋಟದಲ್ಲಿ ಹಿಡಿದು, ದೀಪ ಆರಿಸುತ್ತಾರೆ. ಅವರು ಹೋದ ಮೇಲೆ ಆ ಕೋಣೆಯಲ್ಲಿ ಯಾರೋ ಇದ್ದರು ಎಂದು ಹೇಳಲು ಸಾಧ್ಯವೇ ಇಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರಿಂದೂರಿಗೆ ಹೋಗಿ ನುಡಿಸುವ ಒಂದು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಅವರದು. ವ್ಯಾನಿಗೆ ಸಾಮಾನು ಏರಿಸುವಾಗ ಡ್ರಮ್ಸಿನವನಿಗೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ; ಕೀಬೋರ್ಡಿನವನಿಗೆ ಸ್ಟ್ಯಾಂಡು, ವಯರು ಎಂದು ಹತ್ತು ರಗಳೆ. ಭಾವನದು ಒಂದು ಗಿಟಾರು, ಒಂದು ಚೀಲ. ಎಲ್ಲರಿಗಿಂತ ಮೊದಲು ಕೈ ಖಾಲಿಯಾಗುತ್ತಿದ್ದುದರಿಂದ, ಲಾಡ್ಜ್ ಬಿಡುವ ಮುಂಚೆ ಎಲ್ಲರ ಕೋಣೆಗಳನ್ನೂ ನೋಡಿಬರುವ ಕೆಲಸ ಅವರ ತಲೆಗೆ ಬಿತ್ತು. ಒಮ್ಮೆ ಹಾಡುವವಳ ಕನ್ನಡಕ ಹಿಂದಿನ ಊರಿನಲ್ಲಿ ಉಳಿದು, ವ್ಯಾನ್ ತಿರುಗಿಸಿ ಹೋಗಿ ಬರುವಷ್ಟರಲ್ಲಿ ಜನ ಕಾದು ಕಾದು ಎದ್ದುಹೋಗಿದ್ದರಂತೆ. ಅಂದಿನಿಂದ ಭಾವ ನೋಡದೆ ವ್ಯಾನ್ ಹೊರಡುವುದಿಲ್ಲ. ಗಾಯಕಿಯ ಒಂಟಿ ಓಲೆ, ಚಾಲಕನ ಕಾಲುಚೀಲ, ಯಾರದೆಂದು ಯಾರೂ ಒಪ್ಪಿಕೊಳ್ಳದ ಒಂದು ತಲೆಗೂದಲಿನ ಬಣ್ಣದ ಡಬ್ಬಿ ಎಲ್ಲವೂ ಅವರ ಕೈಗೆ ಸಿಕ್ಕಿವೆ. ಡ್ರಮ್ಸ್ ನುಡಿಸುವವರನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಾರೆ. ಒಂದು ಊರಿನಲ್ಲಿ ಅವರ ಕಟ್ಟಿಸಿದ ಹಲ್ಲಿನ ಸೆಟ್ಟೇ ಲೋಟದ ನೀರಿನಲ್ಲಿ ನಗುತ್ತಾ ಕೂತಿತ್ತು ಎಂದು ಭಾವ ಹೇಳಿದಾಗ, ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಬೇಸ್ ಗಿಟಾರಿಗೆ ನಾಲ್ಕೇ ತಂತಿ, ದಪ್ಪ ದಪ್ಪ. ಮದುವೆಯ ಮಾತುಕತೆಗೆ ಬಂದಾಗ ನಮ್ಮ ದೊಡ್ಡಮ್ಮ ಅದನ್ನು ಬಗ್ಗಿ ನೋಡಿ, ಉಳಿದೆರಡು ತಂತಿ ಎಲ್ಲಿ ಹೋದವು ಎಂದು ಕೇಳಿದ್ದರು. ಬ್ಯಾಂಡ್ ಸೇರುವಾಗ ಅಡ್ವಾನ್ಸ್ ಅಂತ ಹಿಡ್ಕೊಂಡಿದಾರೆ ದೊಡ್ಡಮ್ಮ, ಎಂದರಂತೆ ಭಾವ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ದೊಡ್ಡಮ್ಮ ಅದನ್ನು ನಂಬಿ, ಹುಡುಗ ಪಾಪ ಎಂದು ನಿರ್ಧರಿಸಿದರು. ಮದುವೆ ಗಟ್ಟಿಯಾಯಿತು.

ಇಬ್ಬರ ಪರಿಚಯವಾದದ್ದು ಅದಕ್ಕೂ ಮೊದಲು. ಅಕ್ಕ ಆಗ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಒಂದು ಅಂಗಡಿಯ ಕೌಂಟರಿನಲ್ಲಿದ್ದಳು. ಬ್ಯಾಂಡಿನ ನೀಲಿ ಕೋಟುಗಳು ಅಲ್ಲಿಗೇ ಬಂದಿದ್ದವು. ಮರುದಿನ ಎಲ್ಲರೂ ಬಂದು ತಮ್ಮತಮ್ಮದು ತೆಗೆದುಕೊಂಡು ಹೋದರು. ಒಂದು ಕೋಟು ಉಳಿಯಿತು. ಅದರ ಸಡಿಲವಾದ ಗುಂಡಿಯನ್ನು ಅಕ್ಕ ಬಿಗಿಯಾಗಿ ಹೊಲಿದು, ಗೂಡಿನಲ್ಲಿ ನೇತುಹಾಕಿ ಕಾದಳು. ಬಹಳ ದಿನಗಳ ಮೇಲೆ ಅದರ ಯಜಮಾನ ಎರಡು ಬಸ್ ಬದಲಾಯಿಸಿ ಬಂದ. ಎಲ್ಲರ ಕೋಣೆಗಳನ್ನೂ ಜಾಲಾಡುವ ಮನುಷ್ಯ ಇಷ್ಟು ವರ್ಷಗಳಲ್ಲಿ ಒಂದು ಊರಿನಲ್ಲಿ ಬಿಟ್ಟುಹೋದ ವಸ್ತು ಅದೊಂದೇ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ. ಭಾವ ಇವತ್ತಿಗೂ ಮರೆತೆ ಎಂದೇ ಹೇಳುತ್ತಾರೆ.

ನಾನು ಕಾಲೇಜಿಗೆಂದು ಅಕ್ಕನ ಮನೆಗೆ ಬಂದಾಗ ಅವರು ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಅಕ್ಕ, ಅವಳ ಮಗಳು ಪುಟ್ಟಿ, ನಾನು. ಭಾವ ಬರುತ್ತಿದ್ದರು, ಹೋಗುತ್ತಿದ್ದರು. ಬಂದಾಗ ಚೀಲ ಬಾಗಿಲ ಹಿಂದೆ ನಿಲ್ಲುತ್ತಿತ್ತು; ಅದರಿಂದ ಒಂದು ಅಂಗಿ ಹೊರಬಂದರೆ ಒಂದು ಅಂಗಿ ಒಳಹೋಗುತ್ತಿತ್ತು. ಬ್ರಷ್ಷು ತನ್ನ ಪುಟ್ಟ ಡಬ್ಬಿಯಲ್ಲೇ. ಸೋಪಿಗೂ ಒಂದು ಡಬ್ಬಿ. ಅಕ್ಕ ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿ, ಕಾಗದ ಹಾಸಿ ಕೊಟ್ಟಿದ್ದಳು. ಇರಲಿ ಬಿಡು, ಹೊರಡುವಾಗ ಮತ್ತೆ ಹುಡುಕಬೇಕು, ಎನ್ನುತ್ತಿದ್ದರು ಭಾವ. ಆ ಅರೆಯಲ್ಲಿ ಕೊನೆಗೆ ಚಳಿಗಾಲದ ಹೊದಿಕೆಗಳು ಸೇರಿದವು.

ಭಾವ ಮನೆಯಲ್ಲಿ ಬಳಸುತ್ತಿದ್ದ, ಮನೆಯಲ್ಲೇ ಉಳಿಯುತ್ತಿದ್ದ ವಸ್ತು ಒಂದೇ: ಒಂದು ಕಿವಿ ಮುರಿದ, ತಳ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ. ಅದು ತಂತಿ ಬೇಯಿಸುವುದಕ್ಕೆ. ಬೆರಳಿನ ಬೆವರು, ಊರೂರಿನ ಧೂಳು ತಂತಿಯ ಸುತ್ತುಗಳ ನಡುವೆ ಸೇರಿಕೊಂಡು ದನಿ ಮಂಕಾಗುತ್ತದಂತೆ. ಕುದಿಯುವ ನೀರಿನಲ್ಲಿ ಬೇಯಿಸಿ ಬಟ್ಟೆಯಲ್ಲಿ ಒರೆಸಿದರೆ ಅದೇ ತಂತಿಗೆ ಮತ್ತೆ ಗಂಟಲು ತೆರೆಯುತ್ತದೆ. ಅವರ ಹತ್ತಿರ ತಂತಿಗಳ ಎರಡು ಸೆಟ್ ಇದ್ದವು. ಒಂದು ಗಿಟಾರಿನ ಮೇಲಿದ್ದರೆ ಇನ್ನೊಂದು ಚೀಲದಲ್ಲಿ, ಬೇಯುವ ಸರದಿಗೆ ಕಾಯುತ್ತಾ. ಮದುವೆಯಾದ ಹೊಸತರಲ್ಲಿ ಅಕ್ಕನ ಹಾಲಿನ ಪಾತ್ರೆಯಲ್ಲೇ ಬೇಯಿಸಿ, ಒಂದು ವಾರ ಹಾಲಿಗೆ ಕಬ್ಬಿಣದ ರುಚಿ ಬಂದು, ಅಕ್ಕ ಅವರ ಜೊತೆ ಮಾತು ಬಿಟ್ಟಿದ್ದಳಂತೆ. ಆಮೇಲೆ ಈ ಪಾತ್ರೆಯನ್ನು ಅವರಿಗೆ ಬರೆದುಕೊಟ್ಟಳು.

ತಂತಿ ಬೇಯುವಾಗ ಪುಟ್ಟಿ ಸ್ಟೂಲಿನ ಮೇಲೆ ಹತ್ತಿ ನಿಂತು ಕೇಳುತ್ತಿದ್ದಳು, “ಬೆಂತಾ ಅಪ್ಪಾ?”

ಭಾವ ಚಮಚದಿಂದ ಒಂದು ತುದಿಯನ್ನು ಎತ್ತಿ, ಎರಡು ಬೆರಳಿನಲ್ಲಿ ಹಿಸುಕಿ ನೋಡಿ ಹೇಳುತ್ತಿದ್ದರು, “ಇನ್ನೂ ಸ್ವಲ್ಪ. ಒಳಗೆ ಗಟ್ಟಿ ಇದೆ.”

ಒಂದು ರಜೆಯಲ್ಲಿ ನಾವು ಮೂವರೂ ಅವರ ವ್ಯಾನಿನಲ್ಲಿ ಪಕ್ಕದ ಊರಿನ ತನಕ ಹೋಗಿದ್ದೆವು. ಬ್ಯಾಂಡಿನ ಒಬ್ಬೊಬ್ಬರಿಗೂ ಒಂದೊಂದು ಕಾಯಂ ಜಾಗವಿತ್ತು. ಗುಡುಗು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೂಡ ತಾಳ ತಪ್ಪುತ್ತಿರಲಿಲ್ಲ. ಭಾವ ಚಾಲಕನ ಹಿಂದಿನ ಕಿಟಕಿಯ ಬಳಿ, ಗಿಟಾರನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು. ಊರು ಸೇರುವ ಹೊತ್ತಿಗೆ ಎಲ್ಲರ ಊಟ ಮುಗಿದು ಹೋಟೆಲಿನವರು ನೆಲ ಒರೆಸುತ್ತಿದ್ದರು. ಉಳಿದ ಅನ್ನ, ತಣ್ಣಗಿನ ಪಲ್ಯ, ಬಿಸಿ ಟೀ. ಸಭಾಂಗಣದಲ್ಲಿ ಕುರ್ಚಿಗಳು ಮಡಚಿಕೊಂಡು ಗೋಡೆಗೆ ಒರಗಿದ್ದವು. ಭಾವ ಒಂದು ತಂತಿಯನ್ನು ಮೀಟಿ ಕಾದರು, ಇನ್ನೊಂದು ಮೀಟಿ ಕಾದರು. ಯಾವುದೋ ಒಂದು ಸ್ವರಕ್ಕೆ ಕಿಟಕಿಯ ಗಾಜು ಝುಂ ಎಂದಿತು. ಪ್ರತಿ ಕಟ್ಟಡಕ್ಕೂ ಅದರದ್ದೇ ಒಂದು ಸ್ವರ ಇರುತ್ತದೆ, ಅದನ್ನು ಮುಟ್ಟಿದರೆ ಅದು ಹೂಂ ಎನ್ನುತ್ತದೆ, ಎಂದರು. ಆಮೇಲೆ ಕೆಲಸವಿರಲಿಲ್ಲ. ಸಂಜೆಯ ತನಕ ಬರೀ ಕಾಯುವುದು. “ನಾನು ಕಾಯೋದ್ರಲ್ಲಿ ಕಲಾವಿದ. ಗಿಟಾರು ಬರೀ ಹವ್ಯಾಸ,” ಎಂದು ಭಾವ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು.

ಆ ಕಾಯುವ ಹೊತ್ತಿನಲ್ಲೇ ಅವರು ದಿನಾ ಮನೆಗೆ ಫೋನ್ ಮಾಡುತ್ತಿದ್ದುದು. ಪುಟ್ಟಿಯ ಕೆಮ್ಮು, ನಲ್ಲಿಯ ನೀರು, ನನ್ನ ಪರೀಕ್ಷೆ ಎಲ್ಲ ಮುಗಿದ ಮೇಲೆ ಅವರು ದಾರಿಯಲ್ಲಿ ಕಂಡ ಒಗೆದ ಬಟ್ಟೆಗಳ ವಿಷಯ ಹೇಳುತ್ತಿದ್ದರು. ವ್ಯಾನಿನ ಕಿಟಕಿಯಿಂದ ಅವರು ನೋಡುತ್ತಿದ್ದುದು ಬೆಟ್ಟಗಳನ್ನಲ್ಲ, ಸೇತುವೆಗಳನ್ನಲ್ಲ. ಮನೆಗಳ ಮಹಡಿಯಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಗಳನ್ನು. ಇವತ್ತು ಒಂದು ಮನೆಯಲ್ಲಿ ಬರೀ ಸಮವಸ್ತ್ರ, ಎಲ್ಲಾ ಒಂದೇ ಅಳತೆ, ಅವಳಿ ಮಕ್ಕಳಿರಬೇಕು. ಇವತ್ತೊಂದು ಕಡೆ ಗಂಡಸಿನ ದೊಡ್ಡ ಅಂಗಿ, ಅದರ ತೋಳಿಗೆ ತಾಗಿಕೊಂಡೇ ಪುಟ್ಟ ಫ್ರಾಕು. ಅಕ್ಕ ಕೇಳಿಸಿಕೊಳ್ಳುತ್ತಾ ನಮ್ಮ ಹಗ್ಗದ ಕಡೆ ನೋಡುತ್ತಿದ್ದಳು. ಅದರಲ್ಲಿ ಅವಳ ಸೀರೆ, ನನ್ನ ಚೂಡಿದಾರ, ಪುಟ್ಟಿಯ ಫ್ರಾಕು. ಯಾವ ದಾರಿಹೋಕ ನೋಡಿದರೂ ಈ ಮನೆಯಲ್ಲಿ ಗಂಡಸಿಲ್ಲ ಎಂದೇ ತಿಳಿದುಕೊಳ್ಳುತ್ತಿದ್ದ.

ಭಾವ ಬ್ಯಾಂಡ್ ಬಿಡಲಿ ಎಂದು ಅಕ್ಕ ಒಮ್ಮೆಯೂ ಹೇಳಿದವಳಲ್ಲ. ನುಡಿಸದ ಭಾವ ಹೇಗಿರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಒಂದು ಸಲ ಬೆರಳಿಗೆ ಪೆಟ್ಟಾಗಿ ಮನೆಯಲ್ಲಿ ಕೂತಿದ್ದಾಗ ಮೇಜು, ಮೊಣಕಾಲು, ಪುಟ್ಟಿಯ ಬೆನ್ನು ಎಲ್ಲದರ ಮೇಲೂ ತಾಳ ಹಾಕಿ ಹಾಕಿ ಅವಳ ತಲೆ ಕೆಡಿಸಿದ್ದರು. ಅವಳು ಬಯಸಿದ್ದು ಸಣ್ಣದು. ಅವರು ಹೋದ ಮೇಲೂ ಅವರದ್ದೊಂದು ಮನೆಯಲ್ಲಿ ಉಳಿದಿರಲಿ ಎಂದು. ಹೊರಡುವ ದಿನ ಭಾವ ಬಗ್ಗಿ ಮಂಚದ ಕೆಳಗೆ ನೋಡುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು.

“ಏನೂ ಬಿಟ್ಟಿಲ್ಲ ತಾನೆ?”

“ಏನೂ ಬಿಟ್ಟಿಲ್ಲ,” ಎನ್ನುತ್ತಿದ್ದರು ಭಾವ, ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರ ಸಮಾಧಾನದಲ್ಲಿ.

ಕೆಲವು ತಿಂಗಳ ಹಿಂದೆ ಅವರು ದೂರದಲ್ಲಿದ್ದಾಗ ಮನೆಯ ಮಾಲೀಕ ಬಂದು, ಮೇಲಿನ ಕೋಣೆಗಳು ತನಗೆ ಗೋದಾಮಿಗೆ ಬೇಕು ಎಂದ. ಅಕ್ಕ ಊರಿನ ಆ ತುದಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ ಬೇರೆ ಮನೆ ಹುಡುಕಿದಳು. ಅಂಗಡಿಗಳಿಂದ ರಟ್ಟಿನ ಡಬ್ಬಗಳನ್ನು ತಂದೆವು. ಒಂದೊಂದರ ಮೇಲೂ ನಾನು ಬರೆದೆ: ಅಡುಗೆಮನೆ, ಪುಟ್ಟಿ, ಪುಸ್ತಕ, ಹಾಸಿಗೆ. ಒಂದರ ಮೇಲೆ ಅಕ್ಕ ಭಾವನ ಹೆಸರು ಬರೆಸಿದಳು. ಆಮೇಲೆ ಅದಕ್ಕೆ ಹಾಕುವುದನ್ನು ಹುಡುಕಲು ಶುರು ಮಾಡಿದಳು. ಬೀರು ನೋಡಿದಳು, ಅಟ್ಟ ನೋಡಿದಳು, ಮಂಚದ ಕೆಳಗೆ ಈ ಬದಿಯಿಂದಲೂ ಆ ಬದಿಯಿಂದಲೂ ಬಗ್ಗಿ ನೋಡಿದಳು. ಬಾಗಿಲ ಹಿಂದಿನ ಮೊಳೆ ತಡವಿದಳು. ಕೊನೆಗೆ ಖಾಲಿ ಡಬ್ಬದ ಪಕ್ಕ ಕೂತು ಫೋನ್ ಮಾಡಿದಳು.

“ನಿಮ್ಮ ಡಬ್ಬಕ್ಕೆ ಏನು ಹಾಕ್ಲಿ?”

ಆ ಕಡೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು. ಭಾವ ನಕ್ಕರು. “ನಂದೇನಿದೆ ಅಲ್ಲಿ. ಪುಟ್ಟಿ ಆಟದ ಸಾಮಾನು ತುಂಬ್ಸು.”

ಅಕ್ಕ ಹಾಗೇ ಮಾಡಿದಳು. ಟೆಂಪೋಗೆ ಕೊನೆಯ ಸಾಮಾನು ಏರುವಾಗ ಒಲೆಯ ಕಟ್ಟೆಯ ಕೆಳಗೆ ತಂತಿಯ ಪಾತ್ರೆ ಕಂಡಿತು. ನಾನು ಎತ್ತಿಕೊಂಡು ಬಂದು, ಇದು, ಎಂದೆ. “ಅಲ್ಲೇ ಇರಲಿ ಬಿಡು. ಅದ್ರಲ್ಲಿ ಯಾರು ಅಡುಗೆ ಮಾಡ್ತಾರೆ,” ಎಂದಳು ಅಕ್ಕ. ಸಿಟ್ಟಿನಿಂದಲೋ ದಣಿವಿನಿಂದಲೋ ತಿಳಿಯಲಿಲ್ಲ. ನಾನು ಅದನ್ನು ಮೆಟ್ಟಿಲ ಕೆಳಗೆ ಇಟ್ಟು ಟೆಂಪೋ ಹತ್ತಿದೆ.

ಭಾವ ಹೊಸ ಮನೆಗೆ ಬಂದದ್ದು ಮಧ್ಯಾಹ್ನ. ಇನ್ನು ಕೆಲವೇ ದಿನಗಳಲ್ಲಿ ಬ್ಯಾಂಡ್ ಅದುವರೆಗಿನ ಎಲ್ಲಕ್ಕಿಂತ ಉದ್ದದ ಸುತ್ತಾಟಕ್ಕೆ ಹೊರಡುವುದಿತ್ತು. ಅವರನ್ನು ಬಿಡಲು ಗುಡುಗು ಕೂಡ ಬಂದಿದ್ದರು. ಪುಟ್ಟಿ ಬಾಗಿಲಲ್ಲೇ ಅಪ್ಪನ ಬೆರಳು ಹಿಡಿದು ಮನೆ ತೋರಿಸಿದಳು. ಇದು ಸ್ವಿಚ್ಚು, ಇದು ಬಚ್ಚಲು, ಬಿಸಿನೀರು ಎಡಗಡೆ, ಬಾಗಿಲು ಸ್ವಲ್ಪ ಎತ್ತಿ ಹಾಕಬೇಕು. ಗುಡುಗು ಟೀ ಹೀರುತ್ತಾ ಅಕ್ಕನಿಗೆ ಹೇಳಿದರು, “ತಂಗಿ, ಇವನಿಗೊಂದು ರೂಮ್ ನಂಬರ್ ಕೊಡಮ್ಮ. ಇಲ್ಲಾಂದ್ರೆ ನಿದ್ದೆ ಬರಲ್ಲ.” ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು.

ಮರುದಿನ ಬೆಳಿಗ್ಗೆ ಭಾವ ಮಲಗಿದ್ದ ಕೋಣೆಯ ಬಾಗಿಲು ಹಾಕಿತ್ತು. ಅಕ್ಕ ಟೀ ಹಿಡಿದುಕೊಂಡು ಬಂದು ಮೆಲ್ಲಗೆ ತಟ್ಟಿದಳು. ಒಳಗಿಂದ, ನಿದ್ದೆಯಲ್ಲೂ ವಿನಯ ಬಿಡದ ದನಿ ಬಂತು.

“ಹತ್ತು ನಿಮಿಷ ಸಾರ್. ಖಾಲಿ ಮಾಡ್ತೀವಿ.”

ನಾನು ಮೇಜಿನ ಬಳಿ ಓದುತ್ತಾ ಕೂತಿದ್ದೆ. ಅಕ್ಕ ಕಪ್ಪು ಹಿಡಿದುಕೊಂಡು ಅಲ್ಲೇ ನಿಂತಳು. ಬಾಗಿಲು ತೆಗೆಯಲಿಲ್ಲ, ಮತ್ತೆ ತಟ್ಟಲೂ ಇಲ್ಲ. ಸ್ಟೂಲನ್ನು ಕಾಲಿನಿಂದ ಬಾಗಿಲ ಹತ್ತಿರ ಸರಿಸಿ, ಅದರ ಮೇಲೆ ಕಪ್ಪು ಇಟ್ಟು, ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಭಾವ ತಲೆಗೂದಲು ಕೆದರಿಕೊಂಡು ಹೊರಗೆ ಬಂದು ಕಪ್ಪನ್ನು ನೋಡಿದರು. ನನ್ನ ಮುಖ ನೋಡಿದರು. ನಿದ್ದೆಯಲ್ಲಿ ಏನು ಅಂದೆ ನಾನು, ಎಂದು ಕೇಳಿದರು. ಹೇಳಿದೆ. ಅವರು ಕಪ್ಪು ಎತ್ತಿಕೊಂಡು ನಿಂತೇ ಟೀ ಕುಡಿದರು. ಆಮೇಲೆ ತಮ್ಮ ಟವೆಲ್ಲನ್ನು ಚೀಲದಿಂದ ತೆಗೆದು, ಒಗೆದು, ಮಹಡಿಯ ಹಗ್ಗಕ್ಕೆ ಹಾಕಿ ಬಂದರು. ಅಕ್ಕ ನೋಡಿಯೂ ನೋಡದವಳ ಹಾಗೆ ಇದ್ದಳು.

ಊಟದ ಹೊತ್ತಿಗೆ ಅವರು ಹಳೆಯ ತಂತಿಗಳ ಸುರುಳಿ ಹಿಡಿದುಕೊಂಡು ಅಡುಗೆಮನೆಗೆ ಬಂದು, ಕಟ್ಟೆಯ ಕೆಳಗೆ ಬಗ್ಗಿ ನೋಡಿದರು.

“ನನ್ನ ಪಾತ್ರೆ ಎಲ್ಲಿ?”

ಆ ಮನೆಯಲ್ಲಾಗಲಿ ಹಿಂದಿನ ಮನೆಯಲ್ಲಾಗಲಿ ಭಾವ ಯಾವುದನ್ನಾದರೂ ತಮ್ಮದು ಎಂದದ್ದನ್ನು ನಾನು ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲವೇನೋ. ಸೌಟು ಹಿಡಿದ ಕೈ ನಿಂತಿತು.

“ಹಳೇ ಮನೇಲೇ ಉಳೀತು.”

“ಮರೆತ್ಯಾ?”

“ಇಲ್ಲ. ಬಿಟ್ಟು ಬಂದೆ.”

ಭಾವ ತಂತಿಗಳನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು. ಹೋಗಲಿ ಬಿಡು, ಎಂದು ಹೇಳಿ ಅವುಗಳನ್ನು ಮತ್ತೆ ಚೀಲಕ್ಕೆ ಹಾಕಲು ಹೋದರು. ಅಷ್ಟೇ. ಅವರ ಬೆನ್ನನ್ನು ಅಕ್ಕ ಬಹಳ ಹೊತ್ತು ನೋಡಿದಳು.

ಸಂಜೆ ಅವರು ಪುಟ್ಟಿಯನ್ನು ಕರೆದುಕೊಂಡು ಟ್ಯಾಂಕಿನ ಕಡೆ ಹೋದಾಗ ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಬಾ, ಹೋಗಿ ಬರೋಣ, ಎಂದಳು. ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬು ಕೊಂಡಳು. ಬಸ್ಸು ಹಿಡಿದು ಹಳೆಯ ಬೀದಿಗೆ ಹೋದೆವು. ಮೇಲೆ ನಮ್ಮ ಕಿಟಕಿಯ ತುಂಬ ಈಗ ಮೂಟೆಗಳು. ಕೆಳಗೆ ಸೈಕಲ್ ಅಂಗಡಿಯವನು ನೆಲದಲ್ಲಿ ಕೂತು, ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದ. ನೀರು ಇದ್ದದ್ದು ನಮ್ಮ ಪಾತ್ರೆಯಲ್ಲಿ. ತೂತಿನಿಂದ ಗುಳ್ಳೆ ಏಳುತ್ತಿತ್ತು. ಅಕ್ಕ ಹೀಗೇನಾದರೂ ಆಗಿರುತ್ತದೆ ಎಂದು ಊಹಿಸಿಯೇ ಟಬ್ಬು ತಂದಿದ್ದಳು. ಮೆಟ್ಟಿಲ ಕೆಳಗೆ ಸಿಕ್ಕಿದ್ದನ್ನೆಲ್ಲ ಅವನು ಬಳಸಿಕೊಳ್ಳುವುದು ಅವಳಿಗೆ ಗೊತ್ತಿತ್ತು.

“ಅಕ್ಕಾವ್ರೇ, ನೀವು ಬೀದಿಗೆ ಬಿಟ್ಟು ಹೋದ್ರಿ. ನಾನು ಕರೆದು ಕೆಲಸ ಕೊಟ್ಟೆ,” ಎಂದು ಅವನು ಪಾತ್ರೆಯ ಬೆನ್ನು ತಟ್ಟಿದ. “ಈಗ ಕಾಯಂ ಆಗಿದೆ. ಹಂಗೆಲ್ಲ ಬಿಡಿಸ್ಕೊಳ್ಳೋಕಾಗಲ್ಲ.”

ಅಕ್ಕ ಟಬ್ಬನ್ನು ಮುಂದಿಟ್ಟಳು. ಅವನು ಅದನ್ನು ತಿರುಗಿಸಿ ನೋಡಿ, ಇದು ಕಿವಿ ಎರಡೂ ಇರೋದು, ಎಂದು ಒಪ್ಪಿಕೊಂಡು, ನೀರನ್ನು ಇದರಿಂದ ಅದಕ್ಕೆ ಸುರಿದ.

ಬಸ್ಸಿನಲ್ಲಿ ಅಕ್ಕ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ಅಂಟಿದ್ದ ಪಂಕ್ಚರ್ ಸೊಲ್ಯೂಷನ್ನಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ನಿಲ್ದಾಣ ಹತ್ತಿರ ಬಂದಾಗ, ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು, “ಅವರು ಏನೂ ಬಿಡಲ್ಲ ಅಂತ ಇಷ್ಟು ವರ್ಷ ಬೇಜಾರು ಮಾಡ್ಕೊಂಡೆ. ಇದ್ದ ಒಂದನ್ನ ನಾನೂ ಇಟ್ಕೊಳ್ಳಲಿಲ್ಲ ನೋಡು.”

ಬೂದಿ ಹಾಕಿ ತಿಕ್ಕಿದರೂ ಪಾತ್ರೆಗೆ ಒಂಚೂರು ರಬ್ಬರಿನ ವಾಸನೆ ಉಳಿಯಿತು. ಅಕ್ಕ ಅದನ್ನು ಕಟ್ಟೆಯ ಕೆಳಗೆ ಇಟ್ಟಳು. ಭಾವ ನೀರು ಕುಡಿಯಲು ಬಂದವರು ಅದನ್ನು ಕಂಡರು. ಆ ರಾತ್ರಿ ಊಟಕ್ಕೆ ಕೂತಾಗ ಬಡಿಸುತ್ತಿದ್ದ ಅಕ್ಕನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು, ಸಾಕು, ಎಂದರು. ಅನ್ನ ಇನ್ನೂ ಬಿದ್ದೇ ಇರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ತಂತಿ ಬೇಯಲು ಇಟ್ಟರು. ಪುಟ್ಟಿ ಸ್ಟೂಲ್ ಹತ್ತಿದಳು. ಇನ್ನೂ ಕುದಿ ಬಂದು ಸ್ವಲ್ಪ ಹೊತ್ತಾಗಿತ್ತಷ್ಟೆ, ಕೆಳಗೆ ವ್ಯಾನಿನ ಹಾರನ್ ಕೇಳಿತು. ಮುಂದೆ ಎಲ್ಲೋ ರಸ್ತೆ ಅಗೆದಿದ್ದಾರೆ, ಸುತ್ತು ಹಾಕಿ ಹೋಗಬೇಕು, ಬೇಗ ಬಾ, ಎಂದು ಗುಡುಗು ಕೆಳಗಿನಿಂದಲೇ ಕೂಗಿದರು. ಭಾವ ಒಲೆ ಆರಿಸಿ ಕೋಣೆಗೆ ಓಡಿದರು. ಚೀಲದ ಜಿಪ್ಪು ಎಳೆದರು. ಟವೆಲ್ಲು ಹಗ್ಗದಿಂದ ಬಂತು. ಎಷ್ಟು ಅವಸರವಿದ್ದರೂ ಅದನ್ನು ಮಾತ್ರ ಬಿಡಲಿಲ್ಲ: ಮಂಚದ ಈ ಬದಿ, ಆ ಬದಿ, ದಿಂಬು, ಬಾಗಿಲ ಹಿಂದಿನ ಮೊಳೆ, ಪ್ಲಗ್ಗು, ಕಿಟಕಿಯ ಕಟ್ಟೆ. ಬಾಗಿಲಲ್ಲಿ ನಿಂತು ಒಮ್ಮೆ ಇಡೀ ಕೋಣೆಯನ್ನು ನೋಡಿದರು.

ಅಕ್ಕ ತನ್ನ ಜಾಗದಲ್ಲಿ ನಿಂತಿದ್ದಳು. “ಏನೂ ಬಿಟ್ಟಿಲ್ಲ ತಾನೆ?”

“ಏನೂ ಬಿಟ್ಟಿಲ್ಲ.”

ಪುಟ್ಟಿಯ ನೆತ್ತಿಗೆ ಮುತ್ತು ಕೊಟ್ಟು, ಗಿಟಾರು ಬೆನ್ನಿಗೆ ಏರಿಸಿ ಮೆಟ್ಟಿಲಿಳಿದರು. ನಾವು ಮೇಲಿನಿಂದ ಕೈ ಬೀಸಿದೆವು. ವ್ಯಾನಿನ ಬಾಗಿಲು ಮುಚ್ಚಿತು.

ಅಕ್ಕ ಒಳಗೆ ಹೋದಳು. ಅವಳು ಕರೆಯಲಿಲ್ಲ, ಆದರೂ ನಾನು ಹಿಂದೆಯೇ ಹೋದೆ. ಒಲೆಯ ಮೇಲೆ ಪಾತ್ರೆ ಇತ್ತು. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಬೂದುಬಣ್ಣದ ನೀರಿನ ತಳದಲ್ಲಿ ನಾಲ್ಕು ತಂತಿಗಳು ಒಂದರೊಳಗೊಂದು ಸುತ್ತಿಕೊಂಡು ಮಲಗಿದ್ದವು.

ವ್ಯಾನ್ ಇನ್ನೂ ತಿರುವಿನಲ್ಲೇ ನಿಂತಿತ್ತು. ಗುಡುಗು ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುವುದು ಕಿಟಕಿಯಿಂದ ಕಾಣುತ್ತಿತ್ತು. ಓಡಿದರೆ ಸಿಗುತ್ತಾರೆ, ಎಂದು ನಾನು ಚಿಮಟ ಹುಡುಕಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

“ಬೇಡ,” ಎಂದಳು. “ಇರಲಿ.”

ಗುಡುಗು ವ್ಯಾನ್ ಹತ್ತಿದರು. ವ್ಯಾನ್ ಹೋಯಿತು. ಅಕ್ಕ ನನ್ನ ಕೈ ಬಿಟ್ಟು, ಪಾತ್ರೆಯ ಮೇಲೆ ಒಂದು ತಟ್ಟೆ ಮುಚ್ಚಿದಳು.

ಮಾರನೆಯ ಸಂಜೆ, ಕಾಯುವ ಹೊತ್ತಿನಲ್ಲಿ, ಫೋನ್ ಬಂತು. ಎಲ್ಲ ಕೇಳಿ ಮುಗಿದ ಮೇಲೆ ಭಾವ, ಚೀಲದಲ್ಲಿ ತಂತಿಯ ಇನ್ನೊಂದು ಸೆಟ್ ಕಾಣುತ್ತಿಲ್ಲ, ಎಂದರು.

“ಇಲ್ಲೇ ಇದೆ,” ಎಂದಳು ಅಕ್ಕ. “ಮರೆತ್ರಾ, ಬೇಕಂತ ಬಿಟ್ರಾ?”

“ಮರೆತೆ ಕಣೆ.” ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. “ಎಲ್ಲಾ ನೋಡ್ದೆ. ಅಡುಗೆಮನೆ ನೋಡ್ಲಿಲ್ಲ. ಲಾಡ್ಜಲ್ಲಿ ಅಡುಗೆಮನೆ ಎಲ್ಲಿರುತ್ತೆ?”

ಅಕ್ಕ ಗೋಡೆಗೆ ಒರಗಿದಳು. ಅವಳ ಮುಖ ಕಾಣಲಿಲ್ಲ.

“ಕಳಿಸ್ಲಾ?”

ಹಿಂದೆ ಯಾರೋ ಒಂದು ಸ್ವರ ಮೀಟಿದರು. ಯಾವುದೋ ಊರಿನ ಯಾವುದೋ ಸಭಾಂಗಣ ಹೂಂ ಎಂದಿರಬೇಕು.

“ಬೇಡ,” ಎಂದರು ಭಾವ. “ಅಲ್ಲೇ ಇರಲಿ.”

ಅಕ್ಕ ಆ ತಂತಿಗಳನ್ನು ಹಳೆಯ ಸೀರೆಯ ತುಂಡಿನಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಪಾತ್ರೆಗೇ ಹಾಕಿದಳು. ಅದು ಈಗ ಕಟ್ಟೆಯ ಕೆಳಗಿಲ್ಲ. ಅನ್ನದ ಪಾತ್ರೆ, ಹಾಲಿನ ಪಾತ್ರೆಗಳ ಸಾಲಿನಲ್ಲೇ ಇದೆ, ಕೈಗೆ ಸಿಗುವ ಎತ್ತರದಲ್ಲಿ. ಬ್ಯಾಂಡಿನವರು ಇನ್ನೂ ತಿರುಗಿ ಬಂದಿಲ್ಲ. ಪುಟ್ಟಿ ಆಗಾಗ ಸ್ಟೂಲ್ ಹತ್ತಿ, ಮುಚ್ಚಿದ ತಟ್ಟೆಯನ್ನು ಎತ್ತಿ ಇಣುಕುತ್ತಾಳೆ.

“ಬೆಂತಾ ಅಮ್ಮಾ?”

“ಇನ್ನೂ ಸ್ವಲ್ಪ,” ಎನ್ನುತ್ತಾಳೆ ಅಕ್ಕ, ಮಾಡುತ್ತಿರುವ ಕೆಲಸದಿಂದ ತಲೆ ಎತ್ತದೆ.